ಮರೆವಿನ ಕಾಯಿಲೆಗೆ ಹಾಡು ಮತ್ತು ಸದ್ದಿನ ಆರೈಕೆ: ಮನೆಯವರಿಗಾಗಿ ಸಮಗ್ರ ಮಾರ್ಗದರ್ಶಿ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರನ್ನು ನೋಡಿಕೊಳ್ಳುವ ಮನೆಯವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಯಾವ ಸಂಗೀತ ಹಾಕಿದರೆ ನೆನಪು ವಾಪಸ್ ಬರುತ್ತದೆ?" ಅಮ್ಮನ ಕಾಯಿಲೆ ಗೊತ್ತಾದ ಮೊದಲ ವರ್ಷ ನಾನೂ ಇದನ್ನೇ ಹುಡುಕುತ್ತಾ ಎಷ್ಟೋ ರಾತ್ರಿ ಕೂತಿದ್ದೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಸಂಗೀತ ಇಲ್ಲ. ಕಾಯಿಲೆ ಮುಂದುವರಿಯುವುದನ್ನು ಯಾವ ಹಾಡೂ ನಿಲ್ಲಿಸುವುದಿಲ್ಲ.

ಆದರೆ ಅವರಿಗೆ ಹೊಂದುವ ಹಾಡು, ಹೊಂದುವ ಹೊತ್ತಿನಲ್ಲಿ, ಕಿವಿಗೆ ಸರಿಯಾಗಿ ಬಿದ್ದರೆ ಆ ದಿನವೇ ಬೇರೆ ಥರ ಇರುತ್ತದೆ. ಮುಖ ಸಡಿಲವಾಗುತ್ತದೆ. ಮಾತು ನಿಂತುಹೋದವರ ತುಟಿ ಅಲುಗುತ್ತದೆ. ಸ್ನಾನ, ಬಟ್ಟೆ ಬದಲಾಯಿಸುವುದು ಮುಂತಾದ ದಿನನಿತ್ಯದ ಜಗಳಗಳು ಎಷ್ಟೋ ಸಲ ತಪ್ಪುತ್ತವೆ. ಅಲ್ಲಿಗೆ ತಲುಪುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ದುಡ್ಡು ಖರ್ಚು ಮಾಡುವ ಕೆಲಸ ಇದರಲ್ಲಿ ತೀರಾ ಕಡಿಮೆ. ಗಮನ ಕೊಡುವ ಕೆಲಸವೇ ಜಾಸ್ತಿ.

ಶುರು ಮಾಡುವ ಮೊದಲು: ಇದರಿಂದ ಎಷ್ಟು ನಿರೀಕ್ಷಿಸಬಹುದು?

ಹೆಸರು ಮರೆತವರಿಗೂ ಹಾಡು ನೆನಪಿರುತ್ತದೆ, ಅಲ್ವಾ? ಅದಕ್ಕೆ ಕಾರಣ ಇದೆ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹಳ ಕಾಲದಿಂದ ಗೊತ್ತಿರುವ ಹಾಡು ಕೇಳಿದಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆ ಎಂದು ಮೊದಲು ಗುರುತಿಸಿದರು. ಆಮೇಲೆ ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಆಲ್ಝೈಮರ್ಸ್ ಕಾಯಿಲೆ ಇರುವವರಲ್ಲಿ ಅದೇ ಭಾಗ ಹೇಗಿದೆ ಎಂದು ನೋಡಿದರು. ಉಳಿದ ಭಾಗಗಳಿಗೆ ಹೋಲಿಸಿದರೆ ಅದು ಅಷ್ಟಾಗಿ ಸವೆದಿರಲಿಲ್ಲ. ಮನೆಯ ಬೇರೆ ಕೋಣೆಗಳಲ್ಲಿ ದೀಪ ಆರಿದರೂ ಈ ಕೋಣೆಯಲ್ಲಿ ಸ್ವಲ್ಪ ಹೆಚ್ಚು ದಿನ ಬೆಳಕು ಉಳಿಯುತ್ತದೆ.

ಇನ್ನೊಂದು ಕಡೆ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2025ರಲ್ಲಿ 30 ಪ್ರಯೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಒಟ್ಟು 1,720 ಜನ ಇದ್ದರು. ಕನಿಷ್ಠ 5 ಸಲ ಸಂಗೀತ ಚಿಕಿತ್ಸೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆಯಾಗುವ ಸಾಧ್ಯತೆ ಕಂಡಿತು. ನಡವಳಿಕೆಯ ತೊಂದರೆಗಳೂ ಒಟ್ಟಾರೆ ಸ್ವಲ್ಪ ತಗ್ಗಬಹುದು ಎಂದು ಕಂಡಿತು. ಆದರೆ ನೆನಪು, ಯೋಚನಾಶಕ್ತಿ ಸುಧಾರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇದನ್ನು ಓದಿ ಬೇಜಾರಾಗಬೇಡಿ. ಮರೆವಿನ ಜೊತೆ ಬರುವ ದುಃಖ ಮರೆವಿನಷ್ಟೇ ಹಿಂಸೆ. ಅದು ಸ್ವಲ್ಪ ತಗ್ಗಿದರೂ ದೊಡ್ಡದು.

ಹೆಜ್ಜೆ 1: ಮೊದಲು ಕಿವಿ

ಹಾಡು ಹುಡುಕುವ ಮುಂಚೆ ಕಿವಿ ತೋರಿಸಿ. ನಾವು ಎಡವಿದ್ದು ಇಲ್ಲೇ. ಅಮ್ಮ ಹಾಡಿಗೆ ಸ್ಪಂದಿಸುತ್ತಿಲ್ಲ, ಕಾಯಿಲೆ ಜಾಸ್ತಿಯಾಗಿದೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆವು. ಕೊನೆಗೆ ನೋಡಿದರೆ ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಇಎನ್‌ಟಿ ಡಾಕ್ಟರು ಅದನ್ನು ತೆಗೆದ ದಿನ ಅಮ್ಮ ಗಡಿಯಾರದ ಟಿಕ್‌ಟಿಕ್ ಕೇಳಿ ತಲೆ ಎತ್ತಿ ನೋಡಿದಳು. ಆ ಗಡಿಯಾರ ಅದೇ ಗೋಡೆಯ ಮೇಲೆ ಮೊದಲಿನಿಂದಲೂ ಇತ್ತು.

ಗುಗ್ಗೆಯನ್ನು ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಬೇಡಿ. ಇನ್ನೂ ಒಳಗೆ ಹೋಗುತ್ತದೆ. ಅದಾದ ಮೇಲೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ತಜ್ಞರ ಹತ್ತಿರ ಕಿವಿಯ ಪರೀಕ್ಷೆ ಮಾಡಿಸಿ. ಹಿಯರಿಂಗ್ ಏಡ್ ಬೇಕು ಎಂದರೆ ಮುಂದೆ ಹಾಕಬೇಡಿ. ಕಾಯಿಲೆಯ ಶುರುವಿನಲ್ಲಿ ಅದು ಅಭ್ಯಾಸವಾಗುತ್ತದೆ. ತಡವಾದಷ್ಟೂ ಅದು ಕಿವಿಯಲ್ಲಿ ಇದೇಕೆ ಇದೆ ಎಂದು ತಿಳಿಯದೆ ಕಿತ್ತು ಎಸೆಯುವುದು ಜಾಸ್ತಿ.

ಕಿವಿ ಮತ್ತು ಮರೆವಿನ ನಂಟು ಚಿಕ್ಕದಲ್ಲ. ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ, ತಡೆಯಲು ಸಾಧ್ಯವಿರುವ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಕೇಳದಿರುವುದು ಮುಖ್ಯವಾದದ್ದು. 2023ರಲ್ಲಿ ಬಂದ ಅಮೆರಿಕದ ಅಚೀವ್ ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಜನರನ್ನು 3 ವರ್ಷ ಗಮನಿಸಿದರು. ಇವರಿಗೆ ಡಿಮೆನ್ಷಿಯಾ ಇರಲಿಲ್ಲ, ಕಿವಿ ಮಾತ್ರ ಮಂದವಾಗಿತ್ತು. ಎಲ್ಲರನ್ನೂ ಸೇರಿಸಿ ನೋಡಿದಾಗ ಹಿಯರಿಂಗ್ ಏಡ್‌ನಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಿದ್ದ ಗುಂಪಿನಲ್ಲಿ ಯೋಚನಾಶಕ್ತಿ ಕುಗ್ಗುವ ವೇಗ 48% ಕಡಿಮೆಯಾಯಿತು. ಮನೆಯಲ್ಲಿ ಒಬ್ಬರಿಗೆ ಡಿಮೆನ್ಷಿಯಾ ಇದ್ದರೆ, ಅವರನ್ನು ನೋಡಿಕೊಳ್ಳುವ ವಯಸ್ಸಾದ ಸಂಗಾತಿಯ ಕಿವಿಯನ್ನೂ ತೋರಿಸಿ.

ಹಿಯರಿಂಗ್ ಏಡ್ ಈಗಾಗಲೇ ಇದ್ದರೆ ಆಡಿಯಾಲಜಿಸ್ಟ್‌ಗೆ ಒಂದು ಮಾತು ಕೇಳಿ: "ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಹಾಕಿಕೊಡ್ತೀರಾ?" ಈ ಯಂತ್ರಗಳು ಮಾತನ್ನು ಎತ್ತಿ ಕೇಳಿಸಲು ಮಾಡಿದವು. ಎಳೆದು ಹಾಡುವ ಸ್ವರವನ್ನು ಒಮ್ಮೊಮ್ಮೆ ಗದ್ದಲವೆಂದು ತಿಳಿದು ಅದುಮಿಬಿಡುತ್ತವೆ. ಕೊಳಲಿನ ದನಿ ನಡುಗಿದಂತೆ, ಒಡೆದಂತೆ ಕೇಳುತ್ತದೆ. ದಿನಾ ಬೆಳಿಗ್ಗೆ ಬ್ಯಾಟರಿ ನೋಡುವುದನ್ನೂ ಮರೆಯಬೇಡಿ.

ಹೆಜ್ಜೆ 2: ಬೇಡದ ಸದ್ದು ನಿಲ್ಲಿಸಿ

ಒಂದು ಕೋಣೆಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ನೋಡಿ. ಟಿವಿ, ಫ್ಯಾನ್, ವಾಷಿಂಗ್ ಮೆಷಿನ್, ಹೊರಗಿನ ವಾಹನ, ಯಾರದೋ ಫೋನಿನ ರಿಂಗ್. ನಮ್ಮ ಮಿದುಳು ಇವನ್ನೆಲ್ಲ ಪಕ್ಕಕ್ಕೆ ತಳ್ಳಿ ಮುಂದಿರುವವರ ಮಾತನ್ನಷ್ಟೇ ಹಿಡಿಯುತ್ತದೆ. ಡಿಮೆನ್ಷಿಯಾ ಇರುವವರಿಗೆ ಹಾಗೆ ಸೋಸುವುದು ಕಷ್ಟ. ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಇದರ ಮೇಲೆ ಹಾಡು ಹಾಕಿದರೆ ಅದೂ ಇನ್ನೊಂದು ಗದ್ದಲ, ಅಷ್ಟೆ. ಟಿವಿ ಆರಿಸಿ, ಬಾಗಿಲು ಹಾಕಿ, ಆಮೇಲೆ ಹಾಡು.

ಹೆಜ್ಜೆ 3: ಅವರ ಹಾಡುಗಳನ್ನು ಹುಡುಕಿ

ಇದೇ ಇಡೀ ಕೆಲಸದ ಜೀವ. ಅವಸರ ಮಾಡಬೇಡಿ, ಎರಡು ಮೂರು ವಾರ ತೆಗೆದುಕೊಳ್ಳಿ.

"ಶಾಂತ ಸಂಗೀತ" ಅಂತ ಹೆಸರಿಟ್ಟ ರೆಡಿಮೇಡ್ ಪಟ್ಟಿಗಳಿಂದ ಶುರು ಮಾಡಬೇಡಿ. ನಿಮಗೆ ಹಿತವೆನಿಸುವುದು ಅವರಿಗೆ ಏನೂ ಅಲ್ಲದಿರಬಹುದು. ಬದುಕಿನ ನೆನಪುಗಳಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುವುದು ಸುಮಾರು 10ರಿಂದ 30 ವಯಸ್ಸಿನ ನಡುವಿನವು. ಹಾಗಾಗಿ ಲೆಕ್ಕ ಸುಲಭ. ಅವರು ಹುಟ್ಟಿದ್ದು 1948 ಎಂದರೆ 1958ರಿಂದ 1978ರ ನಡುವೆ ಅವರು ಕೇಳಿದ ಹಾಡುಗಳಲ್ಲಿ ಹುಡುಕಿ.

ಅವರನ್ನೇ "ನಿಮಗೆ ಯಾವ ಹಾಡು ಇಷ್ಟ?" ಎಂದು ಕೇಳಿದರೆ ಉತ್ತರ ಸಿಗದೆ ಪಾಪ ಅವರೇ ಸಂಕಟಪಡುತ್ತಾರೆ. ಅವರ ತಮ್ಮ ತಂಗಿಯರನ್ನು, ಹಳೆಯ ಸ್ನೇಹಿತರನ್ನು ಕೇಳಿ. ಕೇಳಬೇಕಾದ ಪ್ರಶ್ನೆಗಳು ಇಂಥವು: ಕೆಲಸ ಮಾಡುವಾಗ ಏನು ಗುನುಗುತ್ತಿದ್ದರು? ಮಕ್ಕಳನ್ನು ಮಲಗಿಸುವಾಗ ಯಾವ ಲಾಲಿ? ಶಾಲೆಯಲ್ಲಿ ಯಾವ ಪ್ರಾರ್ಥನೆ? ರೇಡಿಯೋದಲ್ಲಿ ಯಾವ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ? ಯಾವ ಹಾಡು ಬಂದರೆ ಎದ್ದು ಹೋಗುತ್ತಿದ್ದರು? ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಸಾವು, ಜಗಳ, ಬೇರ್ಪಡುವಿಕೆಗೆ ಅಂಟಿಕೊಂಡ ಹಾಡುಗಳೂ ಅಷ್ಟೇ ಗಟ್ಟಿಯಾಗಿ ಉಳಿದಿರುತ್ತವೆ.

ಈಗ ಒಂದೊಂದೇ ಹಾಡು ಹಾಕಿ ನೋಡಿ. ದಿನಕ್ಕೆ ಎರಡು ಮೂರು ಸಾಕು. ಹಾಡು ಹಾಕಿ ನೀವೂ ಕೂತುಕೊಳ್ಳಿ. ಫೋನ್ ನೋಡಬೇಡಿ, ಅವರನ್ನು ನೋಡಿ. ಕಾಲ ಬೆರಳು ಅಲುಗಿತಾ? ಹಣೆಯ ಗೆರೆ ಸಡಿಲವಾಯಿತಾ? ಉಸಿರು ನಿಧಾನವಾಯಿತಾ? ತಾಳಕ್ಕೆ ತೋರುಬೆರಳು ಬಡಿಯಿತಾ? ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಡು, ಹೊತ್ತು, ಏನು ಕಂಡಿತು, ಇಷ್ಟು ಸಾಕು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಒಂಬತ್ತು ಹಾಡಿನ ಮುಂದೆ "ಏನೂ ಇಲ್ಲ" ಎಂದಿದೆ. ಹತ್ತನೆಯದರ ಮುಂದೆ "ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು, ಮತ್ತೆ ಸುತ್ತಿಕೊಂಡಳು, ತಾಳಕ್ಕೆ ಸರಿಯಾಗಿ" ಎಂದಿದೆ. ಆ ಒಂದು ಹಾಡಿನಿಂದ ಅದೇ ಗಾಯಕಿಯ ಇನ್ನೂ ಆರು ಹಾಡು ಸಿಕ್ಕಿದವು.

ಕಣ್ಣಲ್ಲಿ ನೀರು ಬಂದರೆ ಗಾಬರಿಯಾಗಿ ನಿಲ್ಲಿಸಬೇಡಿ. ಅಳು ಎಲ್ಲ ಸಲವೂ ದುಃಖವಲ್ಲ. ಕೈ ಹಿಡಿದು ಕೂತಿರಿ. ಅಳು ನಿಂತು ಮುಖ ಹಗುರಾದರೆ ಆ ಹಾಡು ಇರಲಿ. ಅಳು ಏರುತ್ತಾ ಹೋದರೆ, ಕೈ ಬಿಗಿಯಾದರೆ, ಅದನ್ನು ಪಟ್ಟಿಯಿಂದ ತೆಗೆಯಿರಿ.

ಹೆಜ್ಜೆ 4: ಹಾಕುವ ವಿಧಾನ

ಹಾಡುಗಳನ್ನು ಫೋನಿಗೋ ಪೆನ್‌ಡ್ರೈವ್‌ಗೋ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೇರವಾಗಿ ಆನ್‌ಲೈನಿನಲ್ಲಿ ಹಾಕಿದರೆ ನಡುವೆ ಜಾಹೀರಾತು ಬರುತ್ತದೆ. ಮೆಲ್ಲಗೆ ಸಾಗುತ್ತಿದ್ದ ಹಾಡು ನಿಂತು ಯಾರೋ ಜೋರಾಗಿ ಕೂಗಿದರೆ ನಮಗೆ ಕಿರಿಕಿರಿ, ಅವರಿಗೆ ಭಯ. ಅಮ್ಮ ಒಮ್ಮೆ ಹಾಗೆ ಬೆಚ್ಚಿ "ಯಾರು ಬಂದ್ರು?" ಎಂದು ಕೇಳುತ್ತಾ ಒಂದು ಗಂಟೆ ಬಾಗಿಲ ಹತ್ತಿರವೇ ನಿಂತಿದ್ದಳು.

ಸದ್ದಿನ ಮಟ್ಟ ಎದುರು ಕೂತು ಮಾತಾಡುವಷ್ಟಿರಲಿ, ಅಂದರೆ ಸುಮಾರು 60 ಡೆಸಿಬೆಲ್. ಫೋನಿನ ಉಚಿತ ಆ್ಯಪ್‌ಗಳಲ್ಲಿ ಅಂದಾಜು ಸಿಗುತ್ತದೆ. ಕೇಳುತ್ತಿಲ್ಲ ಎಂದು ಸುಮ್ನೆ ವಾಲ್ಯೂಮ್ ಏರಿಸಬೇಡಿ, ಸ್ಪೀಕರ್ ಹತ್ತಿರ ತನ್ನಿ. ಕಿವಿಯ ಒಳಗೆ ತೂರಿಸುವ ಇಯರ್‌ಫೋನ್ ಬೇಡ. ಸುತ್ತ ಗದ್ದಲ ಇದ್ದರೆ ಕಿವಿ ಮುಚ್ಚುವ ಮೆತ್ತನೆಯ ಹೆಡ್‌ಫೋನ್ ಕೆಲವರಿಗೆ ಆಗುತ್ತದೆ. ತಲೆಗೆ ಏನೋ ಬಿಗಿದರು ಎಂದು ಹೆದರಿದರೆ ಒತ್ತಾಯ ಬೇಡ.

ಒಂದು ಸಲಕ್ಕೆ 15ರಿಂದ 30 ನಿಮಿಷ. ಇಡೀ ದಿನ ಹಾಕಿಟ್ಟರೆ ಹಾಡು ಗೋಡೆಯ ಬಣ್ಣದ ಹಾಗೆ ಆಗಿಬಿಡುತ್ತದೆ, ಅದರ ಕಡೆ ಗಮನವೇ ಹೋಗುವುದಿಲ್ಲ.

ಹೆಜ್ಜೆ 5: ಹೊತ್ತು ನೋಡಿ ಹಾಕಿ

ಬಹಳ ಜನ ಚಡಪಡಿಕೆ ಶುರುವಾದ ಮೇಲೆ ಹಾಡು ಹಾಕುತ್ತಾರೆ. ಆಗ ತಡವಾಗಿರುತ್ತದೆ. ಒಬ್ಬೊಬ್ಬರಿಗೂ ಅವರದೇ ಹಾಡು ಕೊಡುವ ಪದ್ಧತಿಯನ್ನು ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಗರ್ಡ್ನರ್ 1990ರ ದಶಕದಲ್ಲಿ ರೂಪಿಸಿದರು. ಚಡಪಡಿಕೆ ಜೋರಾಗುವ ಹೊತ್ತಿಗೆ ಸುಮಾರು 30 ನಿಮಿಷ ಮುಂಚೆಯೇ ಹಾಡು ಶುರುವಾಗಬೇಕು ಎನ್ನುವುದು ಅವರ ಸಲಹೆ. ಇದಕ್ಕೂ ನೋಟ್‌ಬುಕ್ಕೇ ಆಧಾರ. ಒಂದು ವಾರ ಯಾವಾಗ ಎದ್ದು ಓಡಾಡುತ್ತಾರೆ, ಯಾವಾಗ "ಮನೆಗೆ ಹೋಗ್ಬೇಕು" ಎನ್ನುತ್ತಾರೆ ಎಂದು ಬರೆಯಿರಿ. ಐದೂವರೆಗೆ ಎಂದು ಕಂಡರೆ ಐದಕ್ಕೆ ಹಾಡು ಹಾಕಿ, ದೀಪವನ್ನೂ ಹಚ್ಚಿ.

ಸ್ನಾನ, ಬಟ್ಟೆ, ಔಷಧಿಯ ಹೊತ್ತಿಗೆ ಸ್ಪೀಕರ್‌ಗಿಂತ ನಿಮ್ಮ ಬಾಯಿಯೇ ಒಳ್ಳೆಯದು. ಸ್ವೀಡನ್‌ನ ಎವಾ ಗೊಟೆಲ್ ಮತ್ತು ಅವರ ಜೊತೆಯವರು ಬೆಳಗಿನ ಆರೈಕೆಯ ಹೊತ್ತಿನಲ್ಲಿ ನರ್ಸ್‌ಗಳು ತಾವೇ ಹಾಡುತ್ತಾ ಕೆಲಸ ಮಾಡುವುದನ್ನು ಅಧ್ಯಯನ ಮಾಡಿದ್ದಾರೆ. ಹಾಡುವಾಗ ನರ್ಸ್‌ಗಳ ಮಾತು, ಸೂಚನೆ ಕಡಿಮೆಯಾಯಿತು. ಆದರೂ ರೋಗಿಗಳಿಗೆ ಏನು ನಡೆಯುತ್ತಿದೆ ಎಂದು ಹೆಚ್ಚು ತಿಳಿಯಿತು, ಪ್ರತಿರೋಧ ತಗ್ಗಿತು.

ನಮ್ಮ ಮನೆಯಲ್ಲೂ ಹಾಗೇ ಆಯಿತು. "ಕೈ ಎತ್ತಮ್ಮ, ಬಿಸಿ ಇಲ್ಲ, ಇಲ್ಲೇ ಇದ್ದೀನಿ" ಎಂದು ನಾನು ಎಡೆಬಿಡದೆ ಹೇಳುತ್ತಿದ್ದೆ. ಅಮ್ಮ ಮಗ್ಗನ್ನು ತಳ್ಳುತ್ತಿದ್ದಳು. ಒಂದು ದಿನ ಮಾತು ಬಿಟ್ಟು, ಅವಳೇ ನನಗೆ ಹೇಳುತ್ತಿದ್ದ ಲಾಲಿ ಶುರು ಮಾಡಿದೆ. ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಪ್ರತಿ ಸಾಲಿಗೆ ಒಂದು ಮಗ್ಗು. ಮೂರನೆಯ ಸಾಲಿಗೆ ಅವಳು ತಾನಾಗಿ ಬೆನ್ನು ತಿರುಗಿಸಿದಳು. ಮರುದಿನದಿಂದ ಆ ಲಾಲಿ ಸ್ನಾನದ ಹಾಡೇ ಆಯಿತು. ಅದನ್ನು ಶುರು ಮಾಡಿದರೆ ಟವೆಲ್ ಹುಡುಕುತ್ತಿದ್ದಳು. ನೀವೂ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಹಾಡು ಗಂಟು ಹಾಕಿ, ಮತ್ತೆ ಅದನ್ನು ಬದಲಾಯಿಸಬೇಡಿ.

ಹೆಜ್ಜೆ 6: ಜೊತೆಗೆ ಹಾಡಿ

ಫಿನ್‌ಲೆಂಡ್‌ನಲ್ಲಿ ಟೆಪ್ಪೋ ಸಾರ್ಕಾಮೊ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಇಷ್ಟ. ಡಿಮೆನ್ಷಿಯಾ ಇರುವವರು ಮತ್ತು ಅವರನ್ನು ನೋಡಿಕೊಳ್ಳುವವರು, ಹೀಗೆ 89 ಜೋಡಿಗಳು ಅದರಲ್ಲಿದ್ದವು. ಕೆಲವರಿಗೆ 10 ವಾರ ಹಾಡುವುದನ್ನು, ಕೆಲವರಿಗೆ ಹಾಡು ಕೇಳುವುದನ್ನು ಹೇಳಿಕೊಟ್ಟರು. ಎರಡೂ ಗುಂಪಿನಲ್ಲಿ ಮನಸ್ಸಿನ ಸ್ಥಿತಿ, ಹಳೆಯ ನೆನಪು ಸುಧಾರಿಸಿದವು. ಹಾಡಿದವರಲ್ಲಿ ಅಲ್ಪಾವಧಿಯ ನೆನಪಿಗೂ ಸಹಾಯವಾಯಿತು. ಪ್ರಯೋಗ ಚಿಕ್ಕದು, ಕಾಯಿಲೆಯೂ ಬಹುತೇಕ ಆರಂಭದ ಹಂತದ್ದು. ಆದರೂ ಮನೆಯಲ್ಲಿ ಮಾಡಿ ನೋಡಲು ಇಷ್ಟು ಸಾಕಲ್ವಾ?

ಎದುರಿಗೆ, ಕಣ್ಣಿಗೆ ಕಣ್ಣು ಸಿಗುವಂತೆ ಕೂತುಕೊಳ್ಳಿ. ನಿಮ್ಮ ಶ್ರುತಿಯನ್ನು ಇಳಿಸಿ, ವಯಸ್ಸಾದವರಿಗೆ ಎತ್ತರದ ಸ್ವರ ಹಾಡುವುದು ಕಷ್ಟ. ಮೂಲ ಹಾಡಿಗಿಂತ ನಿಧಾನವಾಗಿ ಹಾಡಿ. ಸಾಲಿನ ಕೊನೆಯ ಪದ ಬಂದಾಗ ನಿಲ್ಲಿಸಿ, ಅವರ ತುಟಿ ನೋಡುತ್ತಾ ಕಾಯಿರಿ. ಹತ್ತು ಸೆಕೆಂಡ್ ಕಾಯುವುದು ತುಂಬಾ ಉದ್ದ ಅನಿಸುತ್ತದೆ, ಆದರೂ ಕಾಯಿರಿ. ಪದ ಬಂದರೆ ಖುಷಿಪಡಿ. ಬರದಿದ್ದರೆ ನೀವೇ ಹೇಳಿ ಮುಂದೆ ಹೋಗಿ. "ಈ ಹಾಡು ಯಾರದು ಹೇಳಿ ನೋಡೋಣ" ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ತಪ್ಪು ಪದ ಹಾಡಿದರೆ ಅದನ್ನೇ ಜೊತೆಗೆ ಹಾಡಿ. ಹಾಡು ಬರದವರಿಗೆ ತಾಳ ಇದೆ. ಮೇಜಿನ ಮೇಲೆ ಕೈ ತಟ್ಟುವುದು ಸಾಕು.

ನಿಮ್ಮ ಕಂಠ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಅವರಿಗೆ ಅದು ಗೊತ್ತಿರುವ ದನಿ.

ಹೆಜ್ಜೆ 7: ಮನೆಯವರ ದನಿ, ಮಳೆಯ ಸದ್ದು

ದೂರದಲ್ಲಿರುವ ಮಗನೋ ಮೊಮ್ಮಗಳೋ ಹಳೆಯ ಖುಷಿಯ ಸಂಗತಿ ಹೇಳುವ ರೆಕಾರ್ಡಿಂಗ್ ಮಾಡಿ ಕೇಳಿಸುವ ಪದ್ಧತಿಯೂ ಇದೆ. ಕೆಲವರು ಅದರಿಂದ ಸಮಾಧಾನ ಆಗುತ್ತಾರೆ. ಕೆಲವರು "ಎಲ್ಲಿದ್ದಾನೆ? ಯಾಕೆ ಒಳಗೆ ಬರ್ತಿಲ್ಲ?" ಎಂದು ಹುಡುಕಲು ಶುರು ಮಾಡುತ್ತಾರೆ. ಹಾಗಾಗಿ ಮೊದಲ ಸಲ ಕೇಳಿಸುವಾಗ ಪಕ್ಕದಲ್ಲೇ ಇರಿ. ತೀರಿಹೋದವರ ದನಿ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಮಳೆ, ಹಕ್ಕಿ, ಅಲೆಯ ಸದ್ದು ಕೆಲವರಿಗೆ ಹಿತ. ಆದರೆ ಅದು ರೆಕಾರ್ಡಿಂಗ್ ಎಂದು ಅವರಿಗೆ ಗೊತ್ತಾಗದಿರಬಹುದು. ಮಳೆಯ ಸದ್ದು ಹಾಕಿದಾಗ ಅಮ್ಮ "ಬಟ್ಟೆ ಒಣಗ್ತಾ ಇದೆ" ಎಂದು ಎದ್ದು ಹೊರಟಳು. ಹಾಕುವುದಾದರೆ ಹಗಲು ಮೊದಲು ಹಾಕಿ ನೋಡಿ, ರಾತ್ರಿ ಹೊಸ ಪ್ರಯೋಗ ಬೇಡ.

40 ಹರ್ಟ್ಜ್ ಸದ್ದು ಕೊಳ್ಳಬೇಕಾ?

40 ಹರ್ಟ್ಜ್ ಸದ್ದು, ಅಂದರೆ ಸೆಕೆಂಡಿಗೆ 40 ಸಲ ಬರುವ ಸದ್ದು, ಕೇಳಿದರೆ ನೆನಪು ಮರಳುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳು ಬಹಳ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಾವು ಗಮನ ಕೊಟ್ಟು ಯೋಚಿಸುವಾಗ ಮಿದುಳಿನಲ್ಲಿ ಗಾಮಾ ಎಂಬ ವೇಗದ ಅಲೆಗಳಿರುತ್ತವೆ. ಆಲ್ಝೈಮರ್ಸ್‌ನಲ್ಲಿ ಅವು ಕುಂದುತ್ತವೆ. ಅಮೆರಿಕದ ಎಂಐಟಿಯಲ್ಲಿ ಲೀ-ಹುಯೆ ತ್ಸಾಯ್ ಅವರ ತಂಡ 2016ರಲ್ಲಿ ಇಲಿಗಳಿಗೆ ಸೆಕೆಂಡಿಗೆ 40 ಸಲ ಮಿನುಗುವ ಬೆಳಕು ತೋರಿಸಿತು. 2019ರಲ್ಲಿ ಸೆಕೆಂಡಿಗೆ 40 ಸಲ ಬರುವ ಸದ್ದು ಕೇಳಿಸಿತು. ಮಿದುಳಿನಲ್ಲಿ ಕೂಡಿಕೊಂಡಿದ್ದ ಅಮಿಲಾಯ್ಡ್ ಎಂಬ ಪ್ರೋಟೀನ್ ಕಡಿಮೆಯಾಯಿತು, ಇಲಿಗಳು ನೆನಪಿನ ಪರೀಕ್ಷೆಯಲ್ಲಿ ಮುಂದೆ ಬಂದವು. ಇದು ನಿಜಕ್ಕೂ ಆಸೆ ಹುಟ್ಟಿಸುವ ಕೆಲಸ. ಆದರೆ 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇನ್ನೊಂದು ತಂಡ ಬೆಳಕಿನ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಮನುಷ್ಯರ ಮೇಲೆ ನಡೆದ ಮೊದಲ ಪ್ರಯೋಗಗಳಲ್ಲಿ ಇದ್ದವರು ಕೆಲವೇ ಜನ.

ಪ್ರಯೋಗಾಲಯದಲ್ಲಿ ಸದ್ದು ಮತ್ತು ಬೆಳಕನ್ನು ಹೊಂದಿಸಿ, ದಿನಕ್ಕೆ ಒಂದು ಗಂಟೆ, ಅಳತೆಯಿಟ್ಟು ಕೊಡುತ್ತಾರೆ. ಫೋನಿನಲ್ಲಿ ಸಿಗುವ "40 ಹರ್ಟ್ಜ್ ನೆನಪಿನ ಸಂಗೀತ" ಅದಲ್ಲ. ಅದಕ್ಕೆ ದುಡ್ಡು ಕೊಡಬೇಡಿ. ಮೂರ್ಛೆ ರೋಗ ಇದ್ದವರಿಗಂತೂ ಮಿನುಗುವ ಬೆಳಕು ಅಪಾಯ.

ನಿದ್ದೆಯಲ್ಲಿ ಕೇಳಿಸುವ ಪಿಂಕ್ ನಾಯ್ಸ್ (ಸುರಿಯುವ ಮಳೆಯಂಥ ಒಂದೇ ಸಮನೆಯ ಸದ್ದು) ಕಥೆಯೂ ಹೀಗೇ. 2017ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 13 ಜನ ಹಿರಿಯರ ಗಾಢನಿದ್ದೆಯ ಅಲೆಗಳಿಗೆ ಸರಿಯಾಗಿ ಹೊಂದಿಸಿ ಚಿಕ್ಕ ಚಿಕ್ಕ ಸದ್ದು ಕೇಳಿಸಿದರು, ಬೆಳಿಗ್ಗೆ ನೆನಪು ಉತ್ತಮವಾಗಿತ್ತು. ಅವರು ಡಿಮೆನ್ಷಿಯಾ ಇಲ್ಲದ ಹಿರಿಯರು. ಸದ್ದನ್ನು ಹೊಂದಿಸಲು ತಲೆಗೆ ತಂತಿ ಹಚ್ಚಿ ಅಲೆಗಳನ್ನು ಓದುತ್ತಿದ್ದರು. ರಾತ್ರಿಯೆಲ್ಲ ಸ್ಪೀಕರಿನಲ್ಲಿ ಸುಯ್ ಎನ್ನಿಸಿದರೆ ಅದೇ ಫಲ ಸಿಗುವುದಿಲ್ಲ.

ಎಚ್ಚರ ಬೇಕಾದ ಸಂದರ್ಭ

ಕೈಯಿಂದ ಕಿವಿ ಮುಚ್ಚಿಕೊಂಡರೆ, ಮುಖ ತಿರುಗಿಸಿದರೆ, ಎದ್ದು ಓಡಾಡಿದರೆ ತಕ್ಷಣ ನಿಲ್ಲಿಸಿ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಇಲ್ಲದ ದನಿ ಕೇಳಬಹುದು, ಇಲ್ಲದ ಜನ ಕಾಣಬಹುದು. ಅವರಿಗೆ ಹಾಡು ಎಲ್ಲಿಂದ ಬರುತ್ತಿದೆ ಎಂದು ಸ್ಪೀಕರ್ ತೋರಿಸಿಯೇ ಹಾಕಿ. ಫ್ರಂಟೋಟೆಂಪೊರಲ್ ಎಂಬ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ಒಂದೇ ಹಾಡಿಗೆ ಅಂಟಿಕೊಂಡು ಇಡೀ ದಿನ ಅದೇ ಬೇಕು ಎನ್ನುವವರು ಇದ್ದಾರೆ. ಅವರಿಗೆ ಹೊತ್ತು ಗೊತ್ತು ಮಾಡಿ.

ನಿನ್ನೆ ಸರಿ ಇದ್ದವರು ಇವತ್ತು ದಿಢೀರ್ ಎಂದು ಗೊಂದಲಕ್ಕೆ ಬಿದ್ದರೆ, ಕೂಗಾಡಿದರೆ, ಮಂಕಾಗಿ ಮಲಗಿದರೆ ಹಾಡು ಹಾಕುತ್ತಾ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ಯಾವುದಾದರೂ ಕಾರಣ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಹಾಡಿನಿಂದ ಸಮಾಧಾನ ಆಗುತ್ತಿದೆ ಎಂದು ಮಾತ್ರೆಗಳನ್ನು ನೀವಾಗಿ ನಿಲ್ಲಿಸಲೂಬೇಡಿ. ತರಬೇತಿ ಪಡೆದ ಮ್ಯೂಸಿಕ್ ಥೆರಪಿಸ್ಟ್ ಸಿಕ್ಕರೆ ನಿಮ್ಮ ನೋಟ್‌ಬುಕ್ ತೋರಿಸಿ. ಅವರ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಹಾಸಿಗೆ ಹಿಡಿದ ಮೇಲೆ

ಈ ಹಂತದಲ್ಲಿ ಇಡೀ ಹಾಡು ಬೇಡ. ಒಂದೇ ಸಾಲು ಸಾಕು. ಪದವನ್ನೂ ಬಿಟ್ಟು ಗುನುಗಬಹುದು. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತುಕೊಳ್ಳಿ. ಹಠಾತ್ತಾಗಿ ಶುರು ಮಾಡಬೇಡಿ. ಮೊದಲು ಭುಜದ ಮೇಲೆ ಕೈ ಇಡಿ, ಹೆಸರೋ ಸಂಬಂಧವೋ ಹೇಳಿ ಕರೆಯಿರಿ. ಅವರ ಎದೆ ಏರಿಳಿಯುವುದನ್ನು ನೋಡುತ್ತಾ, ಅದೇ ಲಯಕ್ಕೆ ಗುನುಗಲು ಶುರು ಮಾಡಿ. ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಲಯವನ್ನು ಮೆಲ್ಲಗೆ ನಿಧಾನ ಮಾಡಿ, ಉಸಿರು ಜೊತೆಗೆ ಬರುತ್ತದಾ ನೋಡಿ. ನಿಮ್ಮ ಅಂಗೈಯಲ್ಲಿ ಅವರ ಬೆರಳಿರಲಿ. ಅಲ್ಲಿ ಒಂದು ಚಿಕ್ಕ ಒತ್ತು ಸಿಕ್ಕರೆ ಅದೇ ಸಾಲನ್ನು ಇನ್ನೊಂದು ಸಲ ಗುನುಗಿ.